‘ಅಲ್ಲೇ ಐತೆ’ ಅಂದ್ರೆ ಎಲ್ಲಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಯಾವ ಪೇಟೆಯಲ್ಲಾದರೂ ಬಸ್ಸಿಳಿದು ಬ್ಯಾಂಕಿಗೋ ತಾಲ್ಲೂಕು ಕಚೇರಿಗೋ ದಾರಿ ಕೇಳಿ. ‘ಹಿಂಗೇ ಸೀದಾ ಹೋಗಿ, ಅಲ್ಲೇ ಐತೆ’ ಎಂಬ ಉತ್ತರ ಸಿಗುತ್ತದೆ. ಹೇಳುವವರು ಬೇಸರಪಡದೆ ಹೇಳುತ್ತಾರೆ, ಜೊತೆಗೆ ಕೈ ಚಾಚಿ ತೋರಿಸುತ್ತಾರೆ. ಉತ್ತರದ ಮುಕ್ಕಾಲು ಪಾಲು ಇರುವುದು ಆ ಚಾಚಿದ ಕೈಯಲ್ಲಿ. ಕಣ್ಣು ಕಾಣದವರಿಗೆ ಆ ಮುಕ್ಕಾಲು ಪಾಲು ತಲುಪುವುದೇ ಇಲ್ಲ. ಅವರು ಮತ್ತೆ ಕೇಳಬೇಕು, ಇಲ್ಲವೇ ಯಾರಾದರೂ ತೋಳು ಹಿಡಿದು ಕರೆದೊಯ್ಯಲಿ ಎಂದು ಕಾಯಬೇಕು.

ಅಂಧರಿಗೆ ದನಿಯಲ್ಲಿ ದಾರಿ ಹೇಳುವ ಆ್ಯಪ್‌ ಮಾಡಬೇಕಾದ ಕೆಲಸ ಆ ಕೈಯ ಕೆಲಸವೇ. ಕೇಳಲು ಸಣ್ಣದು ಅನ್ನಿಸುತ್ತದೆ. ಇದರ ಹಿಂದೆ ನಾಲ್ಕು ದಶಕಗಳ ಶ್ರಮವಿದೆ. ಆ ಶ್ರಮದ ಫಲ ನಮ್ಮ ತಾಲ್ಲೂಕುಗಳ ತನಕ ಬರದೆ ಎಲ್ಲಿ ನಿಂತಿದೆ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ.

ಈ ಹಾದಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ಭೂಗೋಳ ಶಾಸ್ತ್ರಜ್ಞ ರೆಜಿನಾಲ್ಡ್ ಗೊಲೆಜ್. ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನಲ್ಲಿ ಪಾಠ ಹೇಳುತ್ತಿದ್ದವರು. ಜನ ತಮ್ಮ ಊರಿನ ನಕ್ಷೆಯನ್ನು ತಲೆಯೊಳಗೆ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದು ಅವರ ಅಧ್ಯಯನದ ವಿಷಯ. 1984ರಲ್ಲಿ ಅವರ ದೃಷ್ಟಿಯೇ ಹೋಯಿತು. ಮನೋವಿಜ್ಞಾನಿಗಳಾದ ಜಾಕ್ ಲೂಮಿಸ್ ಮತ್ತು ರಾಬರ್ಟಾ ಕ್ಲಾಟ್ಸ್‌ಕಿ ಜೊತೆ ಸೇರಿ ಅವರು ಕಟ್ಟಿದ ಸಾಧನವನ್ನು ಬೆನ್ನಿಗೆ ಹೊತ್ತು ನಡೆಯಬೇಕಿತ್ತು. ಅದರ ಹಿಂದಿದ್ದ ಆಲೋಚನೆ ಮಾತ್ರ ಇಂದಿಗೂ ಹಳತಾಗಿಲ್ಲ. ಹೆಡ್‌ಫೋನ್ ಹಾಕಿಕೊಂಡವರಿಗೆ ‘ಲೈಬ್ರರಿ’ ಎಂಬ ಪದ ಲೈಬ್ರರಿ ಇರುವ ದಿಕ್ಕಿನಿಂದಲೇ ಕೇಳಬೇಕು. ಎಡಕ್ಕೆ, ಬಲಕ್ಕೆ ಎಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಕಟ್ಟಡವೇ ಕರೆದರೆ ಕಾಲು ತಾನಾಗಿ ಆ ಕಡೆ ತಿರುಗುತ್ತದೆ.

ದನಿ ಯಾವ ಕಡೆಯಿಂದ ಬಂತೆಂದು ನಮಗೆ ತಿಳಿಯುವುದು ಎರಡು ಕಿವಿಗಳ ನಡುವಿನ ಅತಿ ಸಣ್ಣ ವ್ಯತ್ಯಾಸದಿಂದ. ಬಲಗಡೆಯ ಸದ್ದು ಬಲಗಿವಿಗೆ ತುಸು ಮುಂಚೆ ಮುಟ್ಟುತ್ತದೆ. ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಅಂತರ. ತಲೆ ಅಡ್ಡ ಇರುವುದರಿಂದ ಎಡಗಿವಿಗೆ ಅದೇ ಸದ್ದು ಸ್ವಲ್ಪ ಮಂದವಾಗಿ ಮುಟ್ಟುತ್ತದೆ. ಮಿದುಳಿಗೆ ಇಷ್ಟು ಸಾಕು. ಇದೇ ವ್ಯತ್ಯಾಸವನ್ನು ಫೋನು ಲೆಕ್ಕ ಹಾಕಿ ಹುಟ್ಟಿಸಿದರೆ, ಇಯರ್‌ಫೋನಿನೊಳಗಿನ ದನಿ ರಸ್ತೆಯ ಆಚೆ ಬದಿಯಿಂದ ಬಂದಂತೆ ಭಾಸವಾಗುತ್ತದೆ. ಒಂದು ತೊಡಕಿದೆ. ನೇರ ಮುಂದಿನ ಸದ್ದು, ನೇರ ಹಿಂದಿನ ಸದ್ದು ಎರಡೂ ಎರಡು ಕಿವಿಗೂ ಒಟ್ಟಿಗೇ ಮುಟ್ಟುವುದರಿಂದ ಮುಂದೆ ಹಿಂದೆ ಗೊಂದಲವಾಗುತ್ತದೆ. ತಲೆಯನ್ನು ಚೂರು ಹೊರಳಿಸಿದರೆ ಗೊಂದಲ ಬಿಡುತ್ತದೆ. ಅದಕ್ಕೆ ಆ್ಯಪ್‌ಗೆ ನಡೆಯುವವರು ಯಾವ ಕಡೆ ಮುಖ ಮಾಡಿದ್ದಾರೆಂದು ಪ್ರತಿಕ್ಷಣ ಗೊತ್ತಿರಬೇಕು.

ಗೊಲೆಜ್ ಅವರ ಕಾಲದಲ್ಲಿ ಉಪಗ್ರಹದ ಸಂಕೇತವೇ ಮಸುಕಾಗಿತ್ತು. ಅಮೆರಿಕ ಸರ್ಕಾರ ಜಿಪಿಎಸ್‌ನ ನಿಖರತೆಯನ್ನು ಸಾಮಾನ್ಯರಿಗೆ ಬೇಕೆಂದೇ ಕಡಿಮೆ ಮಾಡಿಟ್ಟಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆಯಿತು. ಆಮೇಲೆ ಜೇಬಿನ ಫೋನಿಗೇ ಜಿಪಿಎಸ್, ದಿಕ್ಸೂಚಿ ಎರಡೂ ಬಂದವು. 2012ರಲ್ಲಿ ಫಿನ್‌ಲೆಂಡಿನ ಇಲ್ಕಾ ಪಿರ್ಟಿಮಾ ‘ಬ್ಲೈಂಡ್‌ಸ್ಕ್ವೇರ್’ ತಂದರು. 2018ರಲ್ಲಿ ಮೈಕ್ರೋಸಾಫ್ಟ್ ‘ಸೌಂಡ್‌ಸ್ಕೇಪ್’ ತಂದಿತು. ಅದನ್ನು ರೂಪಿಸಿದ ತಂಡದ ಮುಂಚೂಣಿಯಲ್ಲಿದ್ದ ಏಮೋಸ್ ಮಿಲ್ಲರ್ ಸ್ವತಃ ದೃಷ್ಟಿಯಿಲ್ಲದವರು.

ಸೌಂಡ್‌ಸ್ಕೇಪ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮಗೆ ಬೇಕಾದ ಪಾಠ ಅದರಲ್ಲಿದೆ. ‘ಎಡಕ್ಕೆ ತಿರುಗಿ, ಇನ್ನೂರು ಮೀಟರ್ ನಡೆಯಿರಿ’ ಎಂದು ಅದು ಅಪ್ಪಣೆ ಕೊಡುತ್ತಿರಲಿಲ್ಲ. ಹೋಗಬೇಕಾದ ಜಾಗದಲ್ಲಿ ಒಂದು ದನಿಯ ಗುರುತು ನೆಡುತ್ತಿತ್ತು. ಆ ಗುರುತಿನ ತಾಳ ಎಡೆಬಿಡದೆ ಆ ದಿಕ್ಕಿನಿಂದ ಕೇಳುತ್ತಿರುತ್ತದೆ. ನೀವು ಸರಿಯಾಗಿ ಅದಕ್ಕೆ ಎದುರಾದಾಗ ಗಂಟೆಯಂಥ ‘ಟಿಂಗ್’ ಒಂದು ಜೊತೆಗೂಡುತ್ತದೆ. ದಾರಿ ಆರಿಸುವ ಸ್ವಾತಂತ್ರ್ಯ ನಡೆಯುವವರದು. ಚರಂಡಿ ಅಗೆದಿದ್ದರೆ ಸುತ್ತಿ ಹೋಗಬಹುದು, ಗೆಳೆಯರ ಅಂಗಡಿಯಲ್ಲಿ ನಿಂತು ಮಾತಾಡಬಹುದು. ಆ್ಯಪ್‌ ‘ನೀವು ದಾರಿ ತಪ್ಪಿದ್ದೀರಿ’ ಎಂದು ಗದರುವುದಿಲ್ಲ. ನನ್ನ ಸುತ್ತ ಏನಿದೆ, ನನ್ನ ಮುಂದೆ ಏನಿದೆ ಎಂದು ಕೇಳಲು ಬೇರೆ ಬೇರೆ ಗುಂಡಿಗಳಿದ್ದವು. ತಮಗೆ ಬೇಕಾದ ಜಾಗಕ್ಕೆ ತಾವೇ ಹೆಸರಿಟ್ಟು ಗುರುತು ಹಾಕಿಕೊಳ್ಳುವ ಸೌಲಭ್ಯವಿತ್ತು. ಕಣ್ಣಿದ್ದವರು ಬೀದಿಯಲ್ಲಿ ಅನುಭವಿಸುವ ಸಲೀಸು ಇದೇ ಅಲ್ಲವೇ? ನಮಗೆ ಯಾರೂ ಹೆಜ್ಜೆ ಹೆಜ್ಜೆಗೆ ಅಪ್ಪಣೆ ಕೊಡುವುದಿಲ್ಲ. ಸುತ್ತ ಏನಿದೆ ಎಂದು ತಿಳಿದಿರುತ್ತದೆ, ಮಿಕ್ಕದ್ದು ನಾವು ತೀರ್ಮಾನಿಸುತ್ತೇವೆ.

2023ರಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿತು. ಅದನ್ನೇ ನಂಬಿ ಒಬ್ಬರೇ ಓಡಾಡಲು ಕಲಿತಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ. ಪುಣ್ಯಕ್ಕೆ ಕಂಪನಿ ಅದರ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಬೇರೆ ಬೇರೆ ಸ್ವಯಂಸೇವಕರ ಗುಂಪುಗಳು ಅದನ್ನು ಉಳಿಸಿಕೊಂಡವು. ಐಫೋನಿಗಷ್ಟೇ ಇದ್ದದ್ದನ್ನು ಆಂಡ್ರಾಯ್ಡ್‌ಗೆ ತರುವ ಕೆಲಸಕ್ಕೆ ಸ್ಕಾಟಿಷ್ ಟೆಕ್ ಆರ್ಮಿ ಎಂಬ ಗುಂಪು ಕೈಹಾಕಿತು. ನಕ್ಷೆಯಂತೂ ಮೊದಲಿನಿಂದಲೂ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಅದು 2004ರಿಂದ ಜಗತ್ತಿನ ಜನರೇ ಸೇರಿ ಬರೆಯುತ್ತಿರುವ ‘ಓಪನ್‌ಸ್ಟ್ರೀಟ್‌ಮ್ಯಾಪ್’. ಈ ಕಥೆಯಲ್ಲಿ ನಮ್ಮ ತಾಲ್ಲೂಕುಗಳಿಗೆ ಹತ್ತಿರವಾದ ಸಂಗತಿ ಇದೇ: ಆ್ಯಪ್‌ ಬರುತ್ತದೆ, ಹೋಗುತ್ತದೆ, ನಕ್ಷೆಯಲ್ಲಿ ಬರೆದಿಟ್ಟದ್ದು ಉಳಿಯುತ್ತದೆ.

ಈಗ ನಮ್ಮ ರಸ್ತೆಗೆ ಬರೋಣ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನಷ್ಟು ಆಚೀಚೆ ತೋರಿಸುತ್ತದೆ. ಕಾರಿನಲ್ಲಿ ಹೋಗುವವರಿಗೆ ಐದು ಮೀಟರ್ ಲೆಕ್ಕಕ್ಕಿಲ್ಲ. ನಡೆಯುವವರಿಗೆ, ಅದರಲ್ಲೂ ಕಾಣದವರಿಗೆ, ಅದು ಔಷಧಿ ಅಂಗಡಿಯ ಮೆಟ್ಟಿಲಿಗೂ ಪಕ್ಕದ ತೆರೆದ ಚರಂಡಿಗೂ ಇರುವ ಅಂತರ. ಅಂದರೆ ಆ್ಯಪ್‌ ಬಿಳಿ ಕೋಲಿನ ಬದಲಿಗೆ ಬರಲಾರದು. ದೂರದ ದಿಕ್ಕು ಫೋನು ಹೇಳಬೇಕು, ಕೊನೆಯ ಎರಡು ಹೆಜ್ಜೆ ಕೋಲು ಹೇಳಬೇಕು. ಗುರಿ ಹತ್ತಿರ ಬಂದಾಗ ಫೋನು ಸುಮ್ಮನಾಗುವುದು ಒಳ್ಳೆಯ ವಿನ್ಯಾಸದ ಲಕ್ಷಣ. ಐಐಟಿ ದೆಹಲಿಯ ಪ್ರೊ. ಎಂ. ಬಾಲಕೃಷ್ಣನ್ ಅವರ ತಂಡ 2014ರಲ್ಲಿ ಹೊರತಂದ ‘ಸ್ಮಾರ್ಟ್‌ಕೇನ್’ ಈ ಹಂಚಿಕೆಯನ್ನು ಚೆನ್ನಾಗಿ ಅರಿತಿತ್ತು. ಮಾಮೂಲಿ ಕೋಲು ನೆಲದ ಮೇಲಿನದನ್ನು ತಡವುತ್ತದೆ, ಎದೆಯ ಮಟ್ಟಕ್ಕೆ ಚಾಚಿಕೊಂಡ ಲಾರಿಯ ಹಿಂಬದಿ ಅದಕ್ಕೆ ಸಿಗದು. ಸ್ಮಾರ್ಟ್‌ಕೇನ್ ಶ್ರವಣಾತೀತ ತರಂಗ ಬಿಟ್ಟು ಅಂಥದ್ದನ್ನು ಮೊದಲೇ ಪತ್ತೆಮಾಡುತ್ತದೆ, ಹಿಡಿಕೆ ಕಂಪಿಸುತ್ತದೆ. ಗಮನಿಸಿ, ಕಂಪಿಸುತ್ತದೆ, ಮಾತಾಡುವುದಿಲ್ಲ. ಕಿವಿಗೆ ಆಗಲೇ ಕೈತುಂಬ ಕೆಲಸವಿದೆ.

ಆ ಕೆಲಸ ಎಷ್ಟೆಂಬುದು ಕಣ್ಣು ಕಾಣದ ಮೇಷ್ಟ್ರೊಬ್ಬರ ಜೊತೆ ಮಧುಗಿರಿಯ ಪೇಟೆಯಲ್ಲಿ ನಡೆದಾಗ ನನಗೆ ತಿಳಿಯಿತು. ಅವರು ಪಾವಗಡದ ಕಡೆಯವರು. ಬಲಗೈಯಲ್ಲಿ ಕೋಲು, ಎಡಗೈ ನನ್ನ ಮೊಣಕೈ ಮೇಲೆ. ನಾನು ಏನೂ ಹೇಳುವ ಮೊದಲೇ ‘ಬೇಕರಿ ಬಂತು’ ಅಂದರು; ಬಿಸಿ ಬನ್ನಿನ ವಾಸನೆ. ಸ್ವಲ್ಪ ಮುಂದೆ ‘ಇದು ಪಂಕ್ಚರ್ ಅಂಗಡಿ, ಗಾಳಿ ಮಿಷನ್ ಓಡ್ತಾ ಐತೆ’ ಅಂದರು. ಒಂದು ಕಡೆ ಗಕ್ಕನೆ ನಿಂತು, ‘ಇಲ್ಲಿ ಎಡಕ್ಕೆ ಓಣಿ ಐತೆ ಅಲ್ವಾ ಸಾರ್, ಗಾಳಿ ಬಂತು, ಸದ್ದು ಬಯಲಾಯ್ತು’ ಅಂದರು. ಗೋಡೆ ಮುಗಿದು ಓಣಿ ತೆರೆದುಕೊಂಡಾಗ ನಮ್ಮದೇ ಹೆಜ್ಜೆ ಸಪ್ಪಳ ಬದಲಾಗುತ್ತದಂತೆ. ನನಗೆ ಕೇಳಿಸಲಿಲ್ಲ. ಅವರ ಎರಡೂ ಕಿವಿಗೆ ಇಯರ್‌ಫೋನ್ ತುರುಕಿ ಆ್ಯಪ್‌ ಮಾತಾಡಿದರೆ ಈ ಇಡೀ ಊರು ಅವರಿಂದ ಕಿತ್ತುಹೋಗುತ್ತದೆ. ಕಿವಿಯನ್ನು ಮುಚ್ಚದೆ ಕೆನ್ನೆಯ ಮೂಳೆಯ ಮೂಲಕ ದನಿ ಮುಟ್ಟಿಸುವ ಹೆಡ್‌ಫೋನ್‌ಗಳನ್ನು ಅಂಧರು ಇಷ್ಟಪಡುವುದು ಈ ಕಾರಣಕ್ಕೇ. ಮೇಷ್ಟ್ರು ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಸ್ಪೀಕರ್ ಮೇಲೇ ಕೇಳುತ್ತಾರೆ. ಪರದೆಯಲ್ಲಿರುವುದನ್ನು ದನಿಯಲ್ಲಿ ಹೇಳುವ ಟಾಕ್‌ಬ್ಯಾಕ್ ಓದುವ ವೇಗ ನನಗೆ ಅರ್ಥವೇ ಆಗದಷ್ಟು. ಅವರಿಗೆ ಅದೂ ನಿಧಾನ.

‘ಹಂಗಾದ್ರೆ ನಿಮಗೆ ಆ್ಯಪ್ ಯಾಕೆ ಬೇಕು ಮೇಷ್ಟ್ರೇ?’ ಎಂದು ಕೇಳಿದೆ.

‘ಭಾನುವಾರಕ್ಕೆ’ ಅಂದರು. ಭಾನುವಾರ ಬೇಕರಿ ಮುಚ್ಚಿರುತ್ತದೆ, ಪಂಕ್ಚರ್ ಅಂಗಡಿ ಮುಚ್ಚಿರುತ್ತದೆ. ಕರೆಂಟ್ ಹೋದರೆ ಹಿಟ್ಟಿನ ಗಿರಣಿ ನಿಲ್ಲುತ್ತದೆ. ಜಾತ್ರೆಯಲ್ಲಿ ಮೈಕಿನ ಅಬ್ಬರಕ್ಕೆ ಯಾವ ಗುರುತೂ ಕೇಳದು. ಸದ್ದು ಸತ್ತ ದಿನ ಅವರಿಗೆ ಊರು ಅಳಿಸಿಹೋಗುತ್ತದೆ. ಅಂಥ ದಿನ ಯಾರಾದರೂ ಮೆಲ್ಲಗೆ ‘ಬಲಕ್ಕೆ ಬೇಕರಿ’ ಎಂದು ಹೇಳಿದರೆ ಸಾಕು.

ಆದರೆ ಹೇಳುವುದು ಯಾರು? ಅವರ ಫೋನಿನ ನಕ್ಷೆಯಲ್ಲಿ ನಡಿಗೆಯ ದಾರಿ ಹಾಕಿದೆವು. ‘ಈಶಾನ್ಯಕ್ಕೆ ಸಾಗಿ’ ಎಂದು ಶುರುವಾಯಿತು. ತಿರುವಿನಲ್ಲಿ ನಿಂತವರಿಗೆ ಈಶಾನ್ಯ ಯಾವ ಕಡೆ? ಕಣ್ಣಿದ್ದವರಿಗೂ ಹೇಳಲು ಕಷ್ಟ. ಗೂಗಲ್ 2009ರಲ್ಲೇ ಭಾರತದ ನಕ್ಷೆಯಲ್ಲಿ ರಸ್ತೆಯ ಹೆಸರಿಗಿಂತ ಗುರುತಿನ ಜಾಗಗಳನ್ನು ಹಿಡಿದು ದಾರಿ ಹೇಳಲು ಹೊರಟಿತ್ತು. ನಮ್ಮ ಜನ ಹಾಗೇ ಹೇಳುತ್ತಾರೆಂದು ಅದಕ್ಕೆ ತಿಳಿದಿತ್ತು. 2019ರ ವಿಶ್ವ ದೃಷ್ಟಿ ದಿನದಂದು ಅಂಧರಿಗಾಗಿಯೇ ವಿವರವಾದ ದನಿ ಮಾರ್ಗದರ್ಶನ ತಂದಾಗ ಮೊದಲು ಸಿಕ್ಕಿದ್ದು ಅಮೆರಿಕದ ಇಂಗ್ಲಿಷಿಗೆ, ಜಪಾನಿನ ಜಪಾನಿಗೆ. ತಂತ್ರಜ್ಞಾನ ಎಲ್ಲಿ ಶುರುವಾಗುತ್ತದೆಂಬ ದೂರು ನನ್ನದಲ್ಲ. ಬೀದಿಗೆ ಹೆಸರು, ಮನೆಗೆ ಸಂಖ್ಯೆ, ಎರಡೂ ಬದಿ ಪಾದಚಾರಿ ಮಾರ್ಗ, ತಿರುವಿನಲ್ಲಿ ಸದ್ದು ಮಾಡುವ ಸಿಗ್ನಲ್ ಇರುವ ಊರಿಗೆ ಮಾಡಿದ್ದನ್ನು ತಂದು ಕೊರಟಗೆರೆಯ ಸಂದಿಯಲ್ಲಿ ಇಟ್ಟರೆ ಅದಕ್ಕೆ ಹೇಳಲು ಮಾತೇ ಇರುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಇಲ್ಲಿ ಮಾತಾಗಬೇಕಾದದ್ದು ಅರಳಿಕಟ್ಟೆ, ನೀರಿನ ಟ್ಯಾಂಕು, ಹಾಲಿನ ಡೇರಿ, ಪಾವಗಡದಲ್ಲಿ ಶನಿ ಮಹಾತ್ಮ ದೇವಸ್ಥಾನ, ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಗುಡಿ, ಶಿರಾದಲ್ಲಿ ಜುಮ್ಮಾ ಮಸೀದಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈ ಪೇಟೆಗಳ ದೊಡ್ಡ ರಸ್ತೆಗಳಿವೆ. ಓಣಿ, ಅಂಗಡಿ, ಮೆಟ್ಟಿಲು, ಚರಂಡಿಯ ಮೇಲಿನ ಚಪ್ಪಡಿಗಳು ವಿರಳ. ಊರಿನ ಹೆಸರು ಇಂಗ್ಲಿಷಿನಲ್ಲಷ್ಟೇ ಇದ್ದರೆ ಯಂತ್ರದ ಬಾಯಲ್ಲಿ ಅದು ಇನ್ಯಾವುದೋ ಊರಾಗುತ್ತದೆ. ಕನ್ನಡದಲ್ಲೂ ಬರೆಯಲು ಅಲ್ಲಿ ಪ್ರತ್ಯೇಕ ಜಾಗವಿದೆ, ತುಂಬುವವರು ಬೇಕು. ಕನ್ನಡ ಓದುವ ಯಂತ್ರದ ದನಿಗೇನೂ ಬರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರಂಥವರು ಈ ಕೆಲಸಕ್ಕೆ ವರ್ಷಗಟ್ಟಲೆ ದುಡಿದಿದ್ದಾರೆ; ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ದನಿ ಈಗ ಉಚಿತವಾಗಿ ಸಿಗುತ್ತದೆ. ಪಾವಗಡದಲ್ಲಿ ತೆಲುಗು, ಶಿರಾದಲ್ಲಿ ಉರ್ದು ಮನೆಮಾತಾದವರು ಬಹಳ ಮಂದಿ ಇರುವುದರಿಂದ ಆ ದನಿಗಳೂ ಬೇಕಾಗುತ್ತವೆ.

ನಕ್ಷೆ ಒಮ್ಮೆ ಬರೆದರೆ ಮುಗಿಯುವುದೂ ಇಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಬಂತು. ಹೊಲದ ನಡುವಿನ ಕಾಲುದಾರಿ ಇದ್ದಲ್ಲಿ ಬೇಲಿ ಬಂತು. ಹೊಸ ಟಾರು ರಸ್ತೆ ಉಪಗ್ರಹದ ಚಿತ್ರದಲ್ಲಿ ಕಾಣುತ್ತದೆ. ಹಳೆಯ ದಾರಿಯನ್ನು ಕಾಲಿನಲ್ಲೇ ಕಲಿತಿದ್ದವರಿಗೆ ಅದು ಮುಚ್ಚಿತೆಂದು ತಿಳಿಸುವುದು ಊರಿನವರಿಂದ ಮಾತ್ರ ಸಾಧ್ಯ.

ಬಸ್ಸಿನ ವಿಷಯದಲ್ಲಿ ಒಂದು ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2023ರಲ್ಲಿ ಕೆಎಸ್‌ಆರ್‌ಟಿಸಿ ಮೈಸೂರಿನ 200 ನಗರ ಸಾರಿಗೆ ಬಸ್ಸುಗಳಲ್ಲಿ ‘ಧ್ವನಿ ಸ್ಪಂದನ’ ಆರಂಭಿಸಿತು. ತಂತ್ರಜ್ಞಾನ ಐಐಟಿ ದೆಹಲಿಯದು, ನೆರವು ಜರ್ಮನಿಯ ಜಿಐಝಡ್ ಸಂಸ್ಥೆಯದು. ಅಂಧ ಪ್ರಯಾಣಿಕರ ಕೈಯಲ್ಲಿ ಪುಟ್ಟ ಸಾಧನವಿರುತ್ತದೆ. ಗುಂಡಿ ಒತ್ತಿದರೆ ಹತ್ತಿರ ಬಂದ ಬಸ್ಸುಗಳ ಮಾರ್ಗ ಸಂಖ್ಯೆ ಕೇಳುತ್ತದೆ. ಬೇಕಾದ ಬಸ್ಸನ್ನು ಆರಿಸಿದರೆ ಬಸ್ಸಿನ ಬಾಗಿಲ ಬಳಿಯ ಸ್ಪೀಕರ್ ದನಿ ಮಾಡುತ್ತದೆ. ಆ ದನಿಯನ್ನು ಹಿಡಿದು ಬಾಗಿಲಿಗೆ ನಡೆಯಬಹುದು. ಗೊಲೆಜ್ ಬೆನ್ನಿಗೆ ಹೊತ್ತು ನಡೆದ ಆಲೋಚನೆಯೇ ಇದು. ಇಲ್ಲಿ ಬಸ್ಸೇ ಕರೆಯುತ್ತದೆ.

ಮಧುಗಿರಿ, ಪಾವಗಡದ ಕಡೆ ಖಾಸಗಿ ಬಸ್ಸುಗಳು ಬಹಳ. ಏಜೆಂಟರು ‘ಕೊರಟಗೆರೆ ತುಮಕೂರ್, ಕೊರಟಗೆರೆ ತುಮಕೂರ್’ ಎಂದು ಬಾಗಿಲ ಬಳಿ ನಿಂತು ಕೂಗುತ್ತಾರೆ. ಯಂತ್ರವಿಲ್ಲದೆ ನಡೆಯುತ್ತಿರುವ ಧ್ವನಿ ಸ್ಪಂದನವೆಂದರೆ ಇದೇ. ಬಸ್ಸಿನ ಹೆಸರು, ದಿಕ್ಕು, ಬಾಗಿಲು ಮೂರೂ ಒಂದೇ ಕೂಗಿನಲ್ಲಿ ಸಿಗುತ್ತವೆ. ಸರ್ಕಾರಿ ಬಸ್ಸಿನಲ್ಲಿ ಆ ಕೂಗಿಲ್ಲ, ಬೋರ್ಡನ್ನು ಓದಬೇಕು. ಶಿರಾದಲ್ಲಿ ಬೇರೆ ಕಷ್ಟ. ದೂರದ ಬಸ್ಸುಗಳು ಕೆಲವು ಪೇಟೆಯೊಳಗೆ ಬರದೆ ಹೆದ್ದಾರಿಯಲ್ಲೇ ಇಳಿಸಿ ಹೋಗುತ್ತವೆ. ಲಾರಿಗಳು ಬೀಸಿ ಹೋಗುವ ಆ ಸದ್ದಿನಲ್ಲಿ ಊರು ಯಾವ ಮಗ್ಗುಲಿಗಿದೆ ಎಂದು ಕಿವಿಗೆ ಗೊತ್ತಾಗುವುದಿಲ್ಲ. ‘ಊರು ನಿಮ್ಮ ಬಲಕ್ಕೆ, ಸರ್ವಿಸ್ ರಸ್ತೆ ದಾಟಬೇಕು’ ಎಂಬ ಒಂದು ವಾಕ್ಯ ಅಲ್ಲಿ ಜೀವ ಉಳಿಸುವಂಥದ್ದು.

ಈ ಸೀಮೆಗೆ ಕಣ್ಣಿನ ಸೇವೆ ಹೊಸದಲ್ಲ. ಪಾವಗಡದಲ್ಲಿ ಸ್ವಾಮಿ ಜಪಾನಂದಜಿ ಅವರು ಕಟ್ಟಿದ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಬಡವರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡುತ್ತಾ ಬಂದಿದೆ. ಅದಕ್ಕೂ ಹಿಂದೆ ಡಾ. ಎಂ.ಸಿ. ಮೋದಿ ರಾಜ್ಯದುದ್ದಕ್ಕೂ ಶಿಬಿರ ನಡೆಸಿದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಪಟ್ಟಿ ಬಿಚ್ಚಿದಾಗ ಬೆಳಕು ಕಂಡವರ ಸಂತೋಷ ಎಲ್ಲರಿಗೂ ಗೊತ್ತು. ಶಸ್ತ್ರಚಿಕಿತ್ಸೆಗೆ ಬಗ್ಗದ ಕುರುಡು ಇರುವವರನ್ನು ಮಾತ್ರ ನಾವು ಮನೆಯ ಜಗಲಿಯ ಮೇಲೆ ಕೂರಿಸಿಬಿಟ್ಟಿದ್ದೇವೆ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ದೃಷ್ಟಿ ಅಂಗವಿಕಲರು 2.6 ಲಕ್ಷಕ್ಕೂ ಹೆಚ್ಚು. ಇವರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಮೊಬಿಲಿಟಿ ತರಬೇತಿ ಬಹುಮಟ್ಟಿಗೆ ಬೆಂಗಳೂರಿನಂಥ ಊರಲ್ಲೇ ಸಿಗುತ್ತದೆ. ಕೋಲಿನ ಪಾಠ ಆಗದವರ ಕೈಗೆ ಆ್ಯಪ್‌ ಕೊಟ್ಟು ಬೀದಿಗೆ ಬಿಡುವುದು ಅಪಾಯ. ಮೊದಲು ಕೋಲು, ಆಮೇಲೆ ಫೋನು. ಈ ಕ್ರಮ ತಪ್ಪಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಕಾನೂನು ನಮ್ಮ ಪರವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರಿಗೆ, ರಸ್ತೆ, ಮಾಹಿತಿ ಎಲ್ಲವೂ ಕೈಗೆಟುಕುವಂತಿರಬೇಕು ಎನ್ನುತ್ತದೆ. ಸ್ವತಃ ದೃಷ್ಟಿಯಿಲ್ಲದ ರಾಜೀವ್ ರತೂರಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಇಂಥ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. ಆದರೂ ಕೊರಟಗೆರೆಯ ಓಣಿಯನ್ನು ನಕ್ಷೆಗೆ ಸೇರಿಸುವುದು ತೀರ್ಪಿನಿಂದ ಆಗುವ ಕೆಲಸವಲ್ಲ. ಅದಕ್ಕೆ ನಡೆಯುವವರು ಬೇಕು. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ಮನೆ ಮನೆ ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹುಪಾಲು ಅವರೂ ಅಂಗವಿಕಲರೇ. ಪ್ರತಿ ತಾಲ್ಲೂಕಿನಲ್ಲೂ ಪದವಿ ಕಾಲೇಜುಗಳಿವೆ, ಎನ್‌ಎಸ್‌ಎಸ್ ಶಿಬಿರಗಳು ನಡೆಯುತ್ತವೆ. ‘ಸ್ಟ್ರೀಟ್‌ಕಂಪ್ಲೀಟ್’ ಎಂಬ ಉಚಿತ ಆ್ಯಪ್‌ ನಿಂತ ಜಾಗದಲ್ಲೇ ಪ್ರಶ್ನೆ ಕೇಳುತ್ತದೆ: ಇಲ್ಲಿ ಪಾದಚಾರಿ ಮಾರ್ಗ ಇದೆಯೇ, ಮೆಟ್ಟಿಲಿಗೆ ಹಿಡಿಕೆ ಇದೆಯೇ, ರಸ್ತೆಗೆ ಹೆಸರಿದೆಯೇ? ಉತ್ತರ ನೇರವಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ಸೇರುತ್ತದೆ. ಹುಡುಗರು ಶ್ರಮದಾನದ ಶಿಬಿರದಲ್ಲಿ ಒಂದು ಬೆಳಗ್ಗೆಯನ್ನು ಇದಕ್ಕೆ ಕೊಟ್ಟರೂ ಒಂದು ಪೇಟೆ ಮಾತು ಕಲಿಯಲು ಶುರುಮಾಡುತ್ತದೆ. ಆ ಗುಂಪಿನಲ್ಲಿ ಕಣ್ಣು ಕಾಣದವರೊಬ್ಬರು ಇರಲೇಬೇಕು. ಕಣ್ಣಿದ್ದವರು ಅಂಗಡಿಯ ಬೋರ್ಡು ಬರೆದುಕೊಳ್ಳುತ್ತಾರೆ. ಓಣಿಯ ಬಾಯಿ ಎಲ್ಲಿ ತೆರೆಯುತ್ತದೆ ಎಂಬುದನ್ನು ಅವರು ಬರೆಯುವುದಿಲ್ಲ.

ಮೇಷ್ಟ್ರನ್ನು ಕೇಳಿದೆ, ನಮ್ಮ ನಾಲ್ಕು ತಾಲ್ಲೂಕಿಗೆ ಆ್ಯಪ್‌ ಮಾಡುವವರು ಬಂದರೆ ಏನು ಹೇಳುತ್ತೀರಿ? ಅವರು ಯೋಚಿಸಲಿಲ್ಲ, ಮೊದಲೇ ಎಣಿಸಿಟ್ಟವರಂತೆ ಹೇಳುತ್ತಾ ಹೋದರು. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕು, ಹಳ್ಳಿ ಕಡೆ ಸಿಗ್ನಲ್ ನೆಚ್ಚೋಕಾಗಲ್ಲ. ಐದಾರು ಸಾವಿರದ ಫೋನಿನಲ್ಲಿ ಓಡಬೇಕು, ಬ್ಯಾಟರಿ ತಿನ್ನಬಾರದು. ಗುಂಡಿ ಒತ್ತಿ ಕೇಳಿದಾಗ ಮಾತ್ರ ಮಾತಾಡಬೇಕು. ಶೌಚಾಲಯ ಎಲ್ಲಿದೆ ಹೇಳಬೇಕು, ಗಂಡಸರದ್ದು ಯಾವ ಬಾಗಿಲು, ಹೆಂಗಸರದ್ದು ಯಾವ ಬಾಗಿಲು ಹೇಳಬೇಕು. ಬಸ್ ನಿಲ್ದಾಣದಲ್ಲಿ ಅದನ್ನು ಕೇಳುವಷ್ಟು ನಾಚಿಕೆ ಇನ್ಯಾವುದಕ್ಕೂ ಆಗುವುದಿಲ್ಲ. ಎಟಿಎಂ ಎಲ್ಲಿದೆ ಅನ್ನುವುದರ ಜೊತೆಗೆ ಅದಕ್ಕೆ ಎಷ್ಟು ಮೆಟ್ಟಿಲು ಅನ್ನುವುದೂ ಬೇಕು. ಹೊಸದಾಗಿ ಗುಂಡಿ ತೋಡಿದ್ದರೆ ಅದನ್ನು ಕಂಡವರು ಅಲ್ಲೇ ನಿಂತು, ಬರೆಯುವ ಗೋಜಿಲ್ಲದೆ, ದನಿಯಲ್ಲಿ ಹೇಳಿ ಬಿಟ್ಟುಹೋಗುವಂತಿರಬೇಕು.

‘ಯಾರ ದನಿ ಆದ್ರೂ ಪರವಾಗಿಲ್ಲ ಸಾರ್,’ ಅಂದರು. ‘ಟೀ ಅಂಗಡಿಯವನೇ ಹೇಳ್ಲಿ. ನನ್ನ ಅಂಗಡಿಯಿಂದ ಎಡಕ್ಕೆ ಎಂಟು ಹೆಜ್ಜೆ, ಅಲ್ಲಿ ಚಪ್ಪಡಿ ಒಡೆದೈತೆ ಅಂತ ಹೇಳ್ಲಿ. ಹೆಜ್ಜೆ ಎಣಿಸಿ ಹೇಳ್ಬೇಕು, ಅಷ್ಟೇ.’